ಹದಿನೆಂಟು ಟ್ರ್ಯಾಕ್ಟರ್ ದೀಪಗಳ ಅಗ್ನಿಪರೀಕ್ಷೆ

ನನ್ನ ಹೆಂಡತಿ ಚೌಡೇಶ್ವರಿ ವಾರಕ್ಕೆ ನಾಲ್ಕು ದಿನ ಜನರನ್ನು ಕೊಲ್ಲುತ್ತಾಳೆ. (ಕಂಪ್ಯೂಟರಿನ ಒಳಗೆ. ಹೊರಗಿನವರ ಪೈಕಿ ಸದ್ಯಕ್ಕೆ ಅಪಾಯದಲ್ಲಿರುವವನು ನಾನೊಬ್ಬನೇ.) ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯಲ್ಲಿ ಹುಟ್ಟಿದವಳು. ಮಗ್ಗದಲ್ಲಿ ತುಂಡಾದ ಎಳೆಯನ್ನು ರೆಪ್ಪೆ ಬಡಿಯುವುದರೊಳಗೆ ಗಂಟು ಹಾಕಿ ಪಳಗಿದ ಬೆರಳುಗಳು ಅವಳವು. ಅವು ಮೌಸ್ ಮೇಲೆ ಕೂತವೆಂದರೆ ಎದುರಾಳಿಗೆ ಉಳಿಗಾಲವಿಲ್ಲ. ನಾನು ಹಿಂದೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತೇನೆ. ಮದುವೆಯಾಗಿ ಮೂರು ವರ್ಷವಾದರೂ ಬಾಯಿ ಇನ್ನೂ ಮುಚ್ಚಿಲ್ಲ.

ಈ ಸಲ ಅವಳ ಐವರ ತಂಡ ದೊಡ್ಡದೊಂದು ಆನ್‌ಲೈನ್ ಪಂದ್ಯಾವಳಿಯ ಫೈನಲ್ ತಲುಪಿತ್ತು. ಆದರೆ ಸೆಮಿಫೈನಲ್‌ನ ಕೊನೆಯ ನಿಮಿಷದಲ್ಲಿ ಅವಳ ಕಂಪ್ಯೂಟರ್ ಟಪ್ ಎಂದು ಆರಿಹೋಯಿತು. ಉಳಿದ ನಾಲ್ವರು ಹೇಗೋ ಮಾನ ಉಳಿಸಿದರು.

"ರೀ, ಫೈನಲ್‌ನಲ್ಲೂ ಹಿಂಗಾದ್ರೆ ನಾನು ಅವರಿಗೆ ಮುಖ ತೋರ್ಸಕ್ಕಾಗಲ್ಲ. ಟೀಮ್ ಬಿಟ್ಬಿಡ್ತೀನಿ."

"ಯಾಕೆ ಬಿಡ್ತೀಯ? ಪವರ್ ಸಪ್ಲೈ ಸೋತಿದೆ. ಅದನ್ನ ನನಗೆ ಬಿಡು," ಎಂದೆ.

ಪವರ್ ಸಪ್ಲೈ ಎಂದರೆ ಗೋಡೆಯ ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸಿ, ಕಂಪ್ಯೂಟರಿನ ಅಂಗಾಂಗಗಳಿಗೆಲ್ಲ ಪಂಕ್ತಿಭೇದವಿಲ್ಲದೆ ಬಡಿಸುವ ಡಬ್ಬ. ನಾನು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕ, ನಮ್ಮ ವಂಶದ ಮೊದಲ ಬಿಎಸ್ಸಿ. ಇಂಥವನಿಗೆ ಡಬ್ಬವೊಂದನ್ನು ಆರಿಸುವ ಜವಾಬ್ದಾರಿ ಸಿಕ್ಕರೆ ಸುಮ್ಮನಿರುತ್ತಾನೆಯೇ? ಇಂಟರ್ನೆಟ್ಟಿನಲ್ಲಿ ನಲವತ್ಮೂರು ವಿಮರ್ಶೆ ಓದಿದೆ. ಕೊನೆಗೆ ಎಂಟುನೂರ ಐವತ್ತು ವ್ಯಾಟಿನ ಒಂದು ಕಪ್ಪು ಡಬ್ಬ ತರಿಸಿದೆ. ಒಂದು ಲೈಟಿಲ್ಲ, ಬಣ್ಣವಿಲ್ಲ, ಎತ್ತಿದರೆ ಒರಳುಕಲ್ಲಿನ ತೂಕ.

"ಚೆನ್ನಾಗಿದೆ, ಹಾಕಿ," ಎಂದಳು.

"ಪರೀಕ್ಷೆ ಮಾಡದೆಯೇ? ಬರೆದಷ್ಟು ವ್ಯಾಟ್ ಕೊಡ್ತದೆ ಅಂತ ಏನು ಗ್ಯಾರಂಟಿ?"

"ನನ್ನ ಮದುವೆ ಆಗೋವಾಗ ಇಷ್ಟು ಪರೀಕ್ಷೆ ಮಾಡಿದ್ರಾ?"

"ಆಗ ನಮ್ಮಪ್ಪ ಮಾಡಿದ್ದ," ಎಂದು ಹೇಳಿ ಬೈಕ್ ಹತ್ತಿದೆ.

ನಗರದ ವಿಮರ್ಶಕರ ಬಳಿ ಪವರ್ ಸಪ್ಲೈಗೆ ಭಾರ ಹೇರಿ ನೋಡುವ ಲಕ್ಷಾಂತರ ರೂಪಾಯಿಯ ಯಂತ್ರಗಳಿರುತ್ತವೆ. ನನ್ನ ಬಳಿ ಕುಂತೂರಿನ ಮುರುಗೇಶ ಇದ್ದ. ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳನ್ನು ರಿಪೇರಿ ಮಾಡುವವನು. ಟ್ರ್ಯಾಕ್ಟರಿನ ಹೆಡ್‌ಲೈಟ್ ಬಲ್ಬೂ ಹನ್ನೆರಡು ವೋಲ್ಟೇ. ಒಂದೊಂದೂ ಅರವತ್ತು ವ್ಯಾಟ್ ನುಂಗುತ್ತದೆ.

"ಹದಿನೆಂಟು ಬಲ್ಬಾ? ಒಂಬತ್ತು ಟ್ರ್ಯಾಕ್ಟರ್ ತಕಂಡ್ಯಾ ಸಾ?" ಎಂದು ಗಾಬರಿಯಾದ.

"ಇಲ್ಲ ಮುರುಗೇಶ, ಹೆಂಡ್ತಿ ಕಂಪ್ಯೂಟರ್‌ಗೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಬಲ್ಬುಗಳನ್ನು ಚೀಲಕ್ಕೆ ತುಂಬಿಕೊಟ್ಟ.

ಪರೀಕ್ಷೆಗೆ ನನ್ನ ಹುಟ್ಟೂರು ಶಾಗ್ಯದಲ್ಲಿ ಅಪ್ಪ ಅವ್ವ ಇರುವ ಮನೆಯೇ ಸರಿ ಎಂದು ತೀರ್ಮಾನಿಸಿದೆ. ಕರೆಂಟಿನ ಸಾಲಿನಲ್ಲಿ ನಮ್ಮದೇ ಕೊನೆಯ ಮನೆ. ದೀಪ ಹಚ್ಚುವ ಹೊತ್ತಿಗೆ ನಮ್ಮ ಪಾಲಿಗೆ ನೂರ ಅರವತ್ತು ವೋಲ್ಟ್ ಉಳಿದರೆ ಪುಣ್ಯ. ಅಲ್ಲಿ ಬದುಕಿದ್ದು ಎಲ್ಲಿ ಬೇಕಾದರೂ ಬದುಕುತ್ತದೆ. (ಉದಾಹರಣೆ: ನಾನು.)

ಕತ್ತಲಾಗುತ್ತಲೇ ಹಜಾರದಲ್ಲಿ ಹಲಗೆಯ ಮೇಲೆ ಬಲ್ಬುಗಳನ್ನು ಸಾಲಾಗಿ ಕಟ್ಟಿದೆ. ಅಪ್ಪ ದೊಡ್ಡಸಿದ್ದಯ್ಯ ಮಂಡಿಯೂರಿ ಕೂತು ಡಬ್ಬವನ್ನು ತಟ್ಟಿ ನೋಡಿದ. ನಲವತ್ತು ವರ್ಷ ಪಂಪ್‌ಸೆಟ್ ಸಾಕಿದ ಕೈ.

"ಎಷ್ಟು ಎಚ್‌ಪಿ ಕಣ್ಲಾ?"

"ಒಂದು ಎಚ್‌ಪಿಗಿಂತ ಸ್ವಲ್ಪ ಜಾಸ್ತಿ ಅಪ್ಪ."

"ಅಂಗಾದ್ರೆ ನಿನ್ನೆಂಡ್ರು ಆಡೋ ಆಟದಾಗೆ ಅರ್ಧ ಎಕ್ರೆಗೆ ನೀರಾಯ್ಸಬೋದು!"

ಒಂದೊಂದೇ ಬಲ್ಬ್ ಜೋಡಿಸುತ್ತ ಹೋದೆ. ಐದು, ಎಂಟು, ಹತ್ತು. ಗೋಡೆಯ ಟ್ಯೂಬ್‌ಲೈಟ್ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಆದರೆ ನನ್ನ ಮೀಟರಿನಲ್ಲಿ ಹನ್ನೆರಡು ವೋಲ್ಟ್ ಹನ್ನೆರಡಾಗಿಯೇ ನಿಂತಿತ್ತು. ಹದಿನಾಲ್ಕನೆಯದು ಹತ್ತಿದಾಗ ಹಜಾರವೆಲ್ಲ ಬೆಳ್ಳಗಾಗಿ, ನಮ್ಮ ಹಸು ಬೆಳಗಾಯಿತೆಂದು ತಿಳಿದು ಹಾಲು ಕರೆಯಲು ಕೂಗಿತು. ಬೀದಿಯ ಜನ ಬಾಗಿಲಲ್ಲಿ ಸೇರಿದರು. ಡಬ್ಬದ ಫ್ಯಾನು ಭೋರೆಂದು ಬಿಸಿಗಾಳಿ ಊದುತ್ತಿತ್ತು. ಬರುವ ಕರೆಂಟು ಹೇಗಾದರೂ ಕುಣಿಯಲಿ, ಕೊಡುವುದರಲ್ಲಿ ಕೂದಲೆಳೆಯಷ್ಟೂ ಅಲುಗಾಡದ ಇಂಥ ವಸ್ತುವನ್ನು ಮಾಡಿದವರು ಮನುಷ್ಯರೇ ತಾನೇ?

"ಇನ್ನೊಂದ್ ಆಕ್ಲಾ," ಎಂದ ಅಪ್ಪ. ಇನ್ನೊಂದು, ಮತ್ತೊಂದು. ಹದಿನೆಂಟನೆಯದಕ್ಕೆ 'ಟಕ್' ಎಂದಿತು. ಟ್ಯೂಬ್‌ಲೈಟ್ ಆಗಲೇ ಸೋತು ಕಣ್ಣು ಮುಚ್ಚಿತ್ತು. ಕಗ್ಗತ್ತಲು.

"ಅಯ್ಯೋ, ಸುಟ್ಟೋಯ್ತಾ?" ಅವ್ವನ ದನಿ.

ನಾಲ್ಕು ಬಲ್ಬ್ ಬಿಚ್ಚಿ, ಸ್ವಿಚ್ ಆರಿಸಿ ಹಾಕಿದೆ. ಏನೂ ಆಗಿಲ್ಲವೆಂಬಂತೆ ಹದಿನಾಲ್ಕೂ ಬೆಳಗಿದವು.

ಅಪ್ಪ ಎದ್ದು ನಿಂತ. ನಾನು ಪದವಿ ಪಡೆದ ದಿನವೂ ಅವನು ಎದ್ದು ನಿಂತಿರಲಿಲ್ಲ. "ಮೈಮೇಲೆ ಎಷ್ಟು ಒರಬೋದು ಅಂತ ಅದ್ಕೆ ಗೊತ್ತದೆ ಕಣ್ಲಾ. ಜಾಸ್ತಿ ಆದ್ರೆ ಸುಟ್ಕೊಳಲ್ಲ, ಇಳಿಸ್ಬುಡ್ತದೆ. ತಕಂಡೋಗು, ನನ್ ಸೊಸೆ ಗೆಲ್ತಾಳೆ."

ಭಾನುವಾರ ಬೆಳಿಗ್ಗೆ ಹನ್ನೊಂದು, ಪಟ್ಟಣದ ನಮ್ಮ ಮನೆ. ಡಬ್ಬ ಕಂಪ್ಯೂಟರಿನೊಳಗೆ ಕೂತಿತ್ತು. ಮೂರು ಪಂದ್ಯಗಳಲ್ಲಿ ಎರಡು ಗೆದ್ದವರು ವಿಜಯಿಗಳು. ಚೌಡೇಶ್ವರಿ ಕಿವಿಗೆ ಹೆಡ್‌ಫೋನ್ ಏರಿಸಿ ಮೊದಲ ಪಂದ್ಯ ಶುರುವಾಗುವುದನ್ನೇ ಕಾಯುತ್ತಿದ್ದಳು. ನಾನು ಹಿಂದೆ ಅಂಗರಕ್ಷಕನಂತೆ ನಿಂತಿದ್ದೆ. ಡಬ್ಬದ ಹತ್ತಿರ ಕೈ ಒಡ್ಡಿದೆ. ಗಾಳಿ ಇಲ್ಲ. ಬಗ್ಗಿ ನೋಡಿದೆ. ಫ್ಯಾನು ನಿಂತಿದೆ!

ಪಂಪ್‌ಹೌಸಿನಲ್ಲಿ ಬೆಳೆದವರಿಗೆ ಒಂದು ಗೊತ್ತು. ಸ್ವಿಚ್ ಹಾಕಿದ್ದರೂ ಮೋಟರಿನ ಫ್ಯಾನು ನಿಂತಿದೆ ಎಂದರೆ ಒಳಗೆ ಕಾಯಿಲ್ ಬೇಯುತ್ತಿದೆ ಎಂದರ್ಥ. ಓಡಿ ಹೋಗಿ ಸ್ವಿಚ್ ಎಳೆಯಬೇಕು. ಈ ಪಾಠ ನನ್ನ ತಲೆಯಲ್ಲಿಲ್ಲ, ಕೈಕಾಲಿನಲ್ಲಿದೆ. ನಾನು ಹಾರಿದೆ. ಗೋಡೆಯ ಸ್ವಿಚ್ ಆರಿಸಿದೆ.

ಪರದೆ ಕಪ್ಪಾಯಿತು. ಚೌಡೇಶ್ವರಿ ಬಹಳ ನಿಧಾನವಾಗಿ ತಿರುಗಿದಳು.

"ರೀ."

"ಫ್ಯಾನ್ ನಿಂತೋಗಿತ್ತು! ನಾನು ನೋಡದೆ ಇದ್ದಿದ್ರೆ—"

"ನಿಲ್ಲಬೇಕು ಅದು! ಭಾರ ಕಮ್ಮಿ ಇದ್ದಾಗ ಸದ್ದು ಬರದೇ ಇರ್ಲಿ ಅಂತ ತಾನೇ ನಿಲ್ಲಿಸ್ಕೊಳತ್ತೆ! ಅದಕ್ಕೇ ಅಲ್ವಾ ಅಷ್ಟು ಬೆಲೆ? ಡಬ್ಬದ ಮೇಲೇ ಬರೆದಿದೆಯಲ್ರೀ!"

ನಲವತ್ಮೂರು ವಿಮರ್ಶೆಗಳಲ್ಲಿ ವ್ಯಾಟು, ವೋಲ್ಟುಗಳನ್ನಷ್ಟೇ ಹುಡುಕಿದವನು ಡಬ್ಬದ ಮೇಲಿನದನ್ನು ಓದಿರಲಿಲ್ಲ. ಕಂಪ್ಯೂಟರ್ ಎದ್ದು ಅವಳು ಮತ್ತೆ ಒಳಗೆ ಹೋಗುವಷ್ಟರಲ್ಲಿ ನಾಲ್ಕು ನಿಮಿಷ. ಐವರ ಎದುರು ನಾಲ್ವರೇ ಕಾದಾಡಬೇಕಾಗಿ ಮೊದಲ ಪಂದ್ಯ ಕೈತಪ್ಪಿತು.

"ಆಚೆ ಹೋಗಿ," ಎಂದಳು. ಹೋದೆ. ಒಳಗಿನಿಂದ ಚಿಲಕ ಬಿತ್ತು. ಜಗುಲಿಯ ಮೇಲೆ ಕೂತು, ಜೀವನದಲ್ಲೇ ಮೊದಲ ಸಲ ಅವಳ ಆಟವನ್ನು ಕಿವಿಯಲ್ಲಿ ನೋಡಿದೆ. "ಎಡಕ್ಕೆ! ಎಡಕ್ಕೆ ಕಣೇ!" ಎಂಬ ಕೂಗು, ಕೀಬೋರ್ಡಿನ ಮೇಲೆ ಆಲಿಕಲ್ಲು ಬಿದ್ದಂಥ ಸದ್ದು. ಎರಡನೆಯದು ಗೆದ್ದರು. ಮೂರನೆಯದರ ಕೊನೆಗೆ ಅವರ ಕಡೆ ಉಳಿದವಳು ಚೌಡೇಶ್ವರಿ ಒಬ್ಬಳೇ, ಎದುರಿಗೆ ಮೂವರು (ಕಿಟಕಿಯ ಸಂದಿಯಿಂದ ಇಷ್ಟು ಕಾಣಿಸಿತು). ಮೂವರನ್ನೂ ಮುಗಿಸಿ ಅವಳು ಚಿಲಕ ತೆಗೆದಾಗ ನಾನು ಕೈ ಮುಗಿದುಕೊಂಡು ನಿಂತಿದ್ದೆ. ಅದು ಭಕ್ತಿಯೋ ಕ್ಷಮಾಯಾಚನೆಯೋ ನನಗೇ ತಿಳಿಯದು.

ಅಷ್ಟರಲ್ಲಿ ಅಪ್ಪನ ಫೋನು. "ಏನಾಯ್ತ್ಲಾ?"

"ಗೆದ್ಲು ಅಪ್ಪ!"

"ನಾನೇಳ್ನಿಲ್ವಾ! ಏನೂ ತೊಂದ್ರೆ ಆಗ್ನಿಲ್ಲ ತಾನೆ?"

"ಮಧ್ಯದಲ್ಲಿ... ಒಂದು ಸಲ ಕರೆಂಟ್ ಹೋಗಿತ್ತು, ಅಷ್ಟೇ."

"ಯಾವನ್ಲಾ ಅವ್ನು ಕರೆಂಟ್ ತಗ್ದೋನು? ನನ್ ಸೊಸೆ ಆಡೋ ಒತ್ನಲ್ಲಿ! ಎಸ್ರೇಳು, ಬಾಯಿಗ್ ಬಂದಂಗ್ ಉಗಿತೀನಿ!"

ಚೌಡೇಶ್ವರಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಬಹಳ ವಿನಯದಿಂದ, "ಈಗ ತಾನೇ ನಿಮ್ಮ ಹತ್ರ ಮಾತಾಡಿದ್ರಲ್ಲ ಮಾವ, ಅವರೇ," ಎಂದಳು.

ಶಾಗ್ಯದ ಕಡೆ ಅಪ್ಪ ಗಂಟಲು ಸರಿಮಾಡಿಕೊಂಡ. ಆಮೇಲೆ, ಫೋನಿಲ್ಲದೆಯೂ ಮೂರು ಮನೆಗೆ ಕೇಳುವ ದನಿಯಲ್ಲಿ ಎಂದ:

"ಸ್ಪೀಕರ್ ಆಕವ್ವ."