ಉಡಚಪ್ಪನ ಕ್ವಾಂಟಮ್ ಸಂಬಂಧ

"ಒಂಬತ್ತನೇ ಕ್ಲಾಸು ದಾಟಲಿಲ್ಲ, ಕ್ವಾಂಟಮ್ ಫೀಲ್ಡಿನ ಮಾತಿಗೆ ಬಾಯಿ ಹಾಕ್ತೀಯೇನೋ ಕತ್ತೆ? ನಿನ್ನ ತಲಿ ಪೂರಾ ಖಾಲಿ ಅದ!"

ಮಾಸೂರಿನ ಚಹಾದಂಗಡಿಯಲ್ಲಿ ಪೇಪರಿನ ವಿಜ್ಞಾನದ ಸುದ್ದಿ ಓದುತ್ತಿದ್ದ ನಿವೃತ್ತ ಪ್ರೊಫೆಸರ್ ರಾಘಣ್ಣ ಹೀಗೆ ಗುಡುಗಿದಾಗ ಎಲ್ಲರೂ ನಕ್ಕರು. ನಗಲಿ ಬಿಡಿ, ಈ ಊರಿಗೆ ಬೇರೆ ಉದ್ಯೋಗವಿಲ್ಲ. ಆದರೆ ಅದೇ ಬೆಂಚಿನ ಮೇಲೆ ಚಿಕ್ಕೇರೂರಿನ ಉಳಿವೆಪ್ಪ ಕುಳಿತಿದ್ದರು. ಮಗಳು ಮಂಜುಳಾಗೆ ವರ ನೋಡಲು ಬಂದವರು. ವರ ಬೇರೆ ಯಾರೂ ಅಲ್ಲ, ಬೈಸಿಕೊಂಡ ಟ್ರ್ಯಾಕ್ಟರ್ ಡ್ರೈವರ್ ಉಡಚಪ್ಪನೇ. ಕೇಳಿದ ಕಡೆಯೆಲ್ಲ ಬೇಡವಾಗಿ ಅವನಿಗೆ ಉಳಿದಿದ್ದು ಇದೊಂದೇ ಸಂಬಂಧ.

ಉಳಿವೆಪ್ಪನವರ ಮುಖ ಆರಿದ ಚಹಾದ ಕೆನೆಯಂತೆ ಸುಕ್ಕಾಯಿತು. "ಹುಡುಗನ ತಲಿ ಬರೋಬರಿ ಇಲ್ಲೇನ್ರಿ?"

"ಐತ್ರಿ, ಐತ್ರಿ! ಸಣ್ಣಾಂವಿದ್ದಾಗ ಎತ್ತು ಒದ್ದಿತ್ತು, ಅಷ್ಟ," ಎಂದು ಪಕ್ಕದ ಮನೆಯ ಹೊನ್ನವ್ವ ಸಹಾಯಕ್ಕೆ ಬಂದಳು.

ಉಡಚಪ್ಪನಿಗೆ ರೇಗಿತು. ಬಾಡಿಗೆಯಿಲ್ಲದ ದಿನಗಳಲ್ಲಿ ಫೋನಿನಲ್ಲಿ ಕೇಳಿದ್ದೆಲ್ಲ ನಾಲಗೆಗೆ ನುಗ್ಗಿತು.

"ಖಾಲಿ ಅನ್ನೂದು ಜಗತ್ತಿನ್ಯಾಗ ಎಲ್ಲೂ ಇಲ್ರಿ ಮಾವಾರ! ನೂರು ವರ್ಷದ ಹಿಂದ ಹರೇದ ವಿಜ್ಞಾನಿಗಳು ಕೆಲವರು ತಲಿ ಕೆಡಿಸ್ಕೊಂಡು ಕುಂತ್ರು. ದೀಪ ಹಚ್ಚಿದ್ರ ಬೆಳಕು ಎಲ್ಲಿಂದ ಹುಟ್ಟತೈತಿ, ಎಲ್ಲಿಗೆ ಹೋಗತೈತಿ ಅಂತ. ಕಡೀಕ ತಿಳೀತು, ಎಲ್ಲಾ ಕಡೆ ಫೀಲ್ಡ್ ಹರಡೇತಿ, ಮದಗದ ಕೆರಿ ನೀರಿನಂಗ. ಅದರಾಗ ಎದ್ದ ತೆರೀನ ಬೆಳಕು. ಎಲೆಕ್ಟ್ರಾನಿಗೂ ಅದರದ ಒಂದು ಫೀಲ್ಡ್ ಐತಿ. ನೀವು, ನಾನು, ಈ ಬೆಂಚು, ಎಲ್ಲಾ ತೆರೀನ!"

"ನಮ್ಮ ಮಂಜುಳಾ?"

"ಆಕೀನೂ ತೆರೀನರಿ."

"ಹೊಲಾ, ಮನಿ, ಬಂಗಾರ?"

"ತೆರೀನ! ಗಟ್ಟಿ ಅನ್ನೂದು ಏನೂ ಇಲ್ಲ."

"ಖರೇನ ಹೇಳ್ಯಾನ," ಎಂದು ರಾಘಣ್ಣನೂ ಒಪ್ಪಿದರು. ಉಡಚಪ್ಪ ಎದೆಯುಬ್ಬಿಸಿದ. ಗೆದ್ದೆನೆಂದುಕೊಂಡ, ಬಡಪಾಯಿ.

ಉಳಿವೆಪ್ಪ ಎದ್ದವರೇ ರುಮಾಲು ತೆಗೆದು ಅವನ ಕಾಲಿಗೆ ಬಿದ್ದರು. "ತಪ್ಪಾತ್ರಿ ಅಪ್ಪಾವರ! ಹೆಣ್ಣು, ಹೊಲ, ಬಂಗಾರ ಏನೂ ಗಟ್ಟಿ ಅಲ್ಲ ಅಂತ ಈ ವಯಸ್ಸಿನ್ಯಾಗ ತಿಳದಾವ್ರು ಸಂಸಾರದಾಗ ನಿಲ್ಲಂಗಿಲ್ಲ. ಇಂದಿಲ್ಲ ನಾಳೆ ಮಠ ಸೇರ್ತೀರಿ. ಆಮ್ಯಾಲೆ ನನ್ನ ಮಗಳ ಗತಿ? ಆಕಿಗೆ ಬ್ಯಾರೆ ವರ ಸಿಗಲಿ ಅಂತ ಆಶೀರ್ವಾದ ಮಾಡ್ರಿ."

"ಮಾವಾರ, ನನಗ ಮದಿವಿ ಬೇಕ್ರೀ!"

"ನಮ್ಮನ್ನ ಪರೀಕ್ಷೆ ಮಾಡಾಕತ್ತೀರಿ, ಗೊತ್ತಾತು," ಎಂದು ಕಣ್ಣೊರೆಸಿಕೊಂಡು ಉಳಿವೆಪ್ಪ ಬಸ್ ಹತ್ತಿದರು.

ಹೊನ್ನವ್ವ ಆಗಲೇ ಫೋನಿನಲ್ಲಿ ಹಾನಗಲ್ಲಿನ ತಂಗಿಗೆ ಕೂಗಿ ಹೇಳುತ್ತಿದ್ದಳು: "ನಮ್ಮ ಉಡಚಪ್ಪಗ ಇನ್ನ ಹೆಣ್ಣು ನೋಡಬ್ಯಾಡ್ರಿ, ಪಾಪ ಬರ್ತೈತಿ!"

"ಮಠ ಎಲ್ಲಿ ಮಾಡೂದ್ರಿ ಅಪ್ಪಾರ?" ಎಂದು ಯಾರೋ ಭಕ್ತಿಯಿಂದ ಕೇಳಿದರು. ಕೈಮುಗಿದು ನಿಂತ ಜನರ ನಡುವೆ ಉಡಚಪ್ಪ ತನ್ನ ಟ್ರ್ಯಾಕ್ಟರಿನ ಕಡೆಗೆ ನಡೆದುಬಿಟ್ಟ.