ಷಡ್ಡಕನ ಇಟಲಿ

ನನಗೆ ಹೊಟ್ಟೆಕಿಚ್ಚೇ ಇಲ್ಲವೆಂದು ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನಲ್ಲಿ ಅದು ಧಾರಾಳವಾಗಿದೆ. ಆದರೆ ಕಂಡಕಂಡವರ ಮೇಲೆ ಖರ್ಚು ಮಾಡುವ ಸ್ವಭಾವ ನನ್ನದಲ್ಲ. ನೆರೆಮನೆಯವರು ರೇಡಿಯೋ ತಂದಾಗ ನಾನು ಮನಸಾರೆ ಸಂತೋಷಪಟ್ಟು ದಿನಾ ವಾರ್ತೆ ಕೇಳಲು ಹೋಗಿದ್ದೇನೆ. ಇದ್ದ ಕಿಚ್ಚನ್ನೆಲ್ಲ ಒಬ್ಬನಿಗಾಗಿಯೇ ಮೀಸಲಿಟ್ಟಿದ್ದೆ. ಅವನು ನನ್ನ ಷಡ್ಡಕ ಮಾಧವ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ.

ನಾನು ಹೊನ್ನಾವರದಲ್ಲಿ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಕಲಿಸುವವನು. ಧಾರವಾಡದಿಂದಾಚೆ ಕಾಲಿಟ್ಟವನಲ್ಲ. ಆದರೂ ಇಟಲಿ ನನ್ನದಾಗಿತ್ತು. ಗುಡ್ಡದ ನೆತ್ತಿಯ ಹಳೇ ಊರುಗಳು, ಕಲ್ಲು ಹಾಸಿದ ಏರುಬೀದಿಗಳು, ಇಗರ್ಜಿಯ ಗೋಡೆ ತುಂಬ ಚಿತ್ರಗಳು — ಇವನ್ನೆಲ್ಲ ನಿನ್ನೆ ಸಂಜೆಯ ಬಸ್ಸಿಗೆ ಅಲ್ಲಿಂದ ಬಂದವನ ಹಾಗೆ ವರ್ಣಿಸುತ್ತಿದ್ದೆ. ಧಾರೇಶ್ವರದ ಮಾವನ ಮನೆಯಲ್ಲೂ ಊಟವಾಗಿ ಎಲೆ ಅಡಿಕೆಯ ಹೊತ್ತಿಗೆ ಅದೇ ಪಾಠ. ಒಮ್ಮೆ ಅತ್ತೆ, ಆ ಗೋಡೆಯ ಚಿತ್ರ ಅಷ್ಟು ವರ್ಷ ಅಳಿಸದೆ ಉಳಿಯುವುದು ಹೇಗೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಮೇಷ್ಟ್ರಿಗೂ ಹಿರಿಯ ಅಳಿಯನಿಗೂ ಶೋಭೆಯಲ್ಲ. ಅತ್ತೆ ಹಬ್ಬಕ್ಕೆ ಗೋಡೆಗೆ ಕೆಮ್ಮಣ್ಣು ಬಳಿದು, ಚೆನ್ನಾಗಿ ಒಣಗಿಸಿ, ಆಮೇಲೆ ಬಿಳಿ ಶೇಡಿಮಣ್ಣಿನಿಂದ ಬಳ್ಳಿ, ತೇರು ಬರೆಯುವುದನ್ನು ನೋಡಿದ್ದೆನಲ್ಲ, "ನಿಮ್ಮ ಹಾಗೇ ಅತ್ತೆ, ಗೋಡೆ ಒಣಗಿದ ಮೇಲೆ ಬರೆಯುವುದು" ಎಂದುಬಿಟ್ಟೆ. ಅತ್ತೆಗೆ ಪರಮಾನಂದ. ಆ ಹುಮ್ಮಸ್ಸಿನಲ್ಲಿ ಕ್ಲಾಸಿನಲ್ಲೂ ಹಾಗೇ ಕಲಿಸಿದೆ, ವರ್ಷವರ್ಷವೂ.

ಹೀಗಿರುವಾಗ ಮುಂಬಯಿಯಲ್ಲಿ ಯಾವುದೋ ಯಂತ್ರದ ಕಂಪನಿಯಲ್ಲಿದ್ದ ಮಾಧವನನ್ನು ಕಂಪನಿಯವರು ಕೆಲಸ ಕಲಿತು ಬಾ ಎಂದು ಮೂರು ತಿಂಗಳು ಕಳಿಸಿದರು. ಎಲ್ಲಿಗೆ? ನನ್ನ ಇಟಲಿಗೆ! ಜರ್ಮನಿ ಇರಲಿಲ್ಲವೆ? ಒಂದು ಭಾನುವಾರ ಸಿಯೆನಾ ನೋಡಿದನಂತೆ, ಇನ್ನೊಂದು ಭಾನುವಾರ ಅಸ್ಸೀಸಿ. ಹೆಂಡತಿ ಅವನ ಕಾಗದ ಓದುತ್ತಿದ್ದರೆ ನಾನು ಸಾಲುಸಾಲಿಗೂ "ಗೊತ್ತಿದ್ದು, ಗೊತ್ತಿದ್ದು" ಎನ್ನುತ್ತಿದ್ದೆ. ಅವನಿಗಿಂತ ಒಂದು ಹೆಜ್ಜೆ ಮುಂದಿರಬೇಕೆಂದು ಶಾಲೆಯ ಕಪಾಟಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದೆ. ತೆಗೆಯಬಾರದಿತ್ತು. ಆ ಚಿತ್ರಗಳನ್ನು ಬರೆಯುವುದು ಹಸಿ ಗಾರೆಯ ಮೇಲೆ, ಅದು ಒಣಗುವುದರೊಳಗೆ, ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಮಾಧವ ಮುಂದಿನ ವಾರ ಧಾರೇಶ್ವರಕ್ಕೆ ಬರುವವನಿದ್ದ. ಮಾವನ ಮನೆಯ ಊಟದ ಪಂಕ್ತಿಯಲ್ಲಿ ಹಿರಿಯ ಅಳಿಯನೆಂದು ಮೊದಲ ಎಲೆ ನನ್ನದು. ಇನ್ನು ಅದರ ಮುಂದೆ ಯಾವ ಮುಖ ಹೊತ್ತು ಕೂರಲಿ ಎಂದು ಅನ್ನ ಸೇರದಾಯಿತು.

ಅವನು ಬಂದ ದಿನ ಮಾವನ ಮನೆಯ ಜಗಲಿ ತುಂಬ ಜನ. ಮಾಧವ ಚಿತ್ರದ ಕಾರ್ಡುಗಳನ್ನು ಹರಡಿ ಕೂತಿದ್ದ. ಅಸ್ಸೀಸಿಯಲ್ಲಿ ಇಗರ್ಜಿಯ ಹೊರಗೆ, ಇಡಗುಂಜಿಯ ದೇವಸ್ಥಾನದಲ್ಲಿ ಬಿಟ್ಟ ಹಾಗೆ, ಬೂಟು ಬಿಟ್ಟು ಒಳಗೆ ಹೋದನಂತೆ. ಬಂದು ನೋಡಿದರೆ ಬೂಟಿಲ್ಲ! ನನ್ನ ಜೀವಕ್ಕೆ ತುಸು ತಂಪಾಯಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಒಬ್ಬಳು ಮುದುಕಿ, ಈತ ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತ ಯಾತ್ರಿಕನೇ ಇರಬೇಕೆಂದು ತಿಳಿದು, ಬೂಟನ್ನು ಮಡಿಲಲ್ಲಿಟ್ಟು ಕಾಯುತ್ತಿದ್ದಳಂತೆ! ಮನೆಗೆ ಕರೆದು ಬಿಸಿ ಸಾರು ಕುಡಿಸಿದಳಂತೆ. ಜಗಲಿಯೆಲ್ಲ ನಕ್ಕಿತು, ಅತ್ತೆ ಕಣ್ಣೊರೆಸಿಕೊಂಡರು. ನನ್ನ ಸರಿಯಾದ ಪಾಠಕ್ಕೆ ಒಮ್ಮೆಯೂ ಯಾರೂ ಕಣ್ಣೊರೆಸಿಕೊಂಡಿರಲಿಲ್ಲ. ಇವನ ತಪ್ಪಿಗೆ ಇಷ್ಟು ಬೆಲೆ.

ಆಮೇಲೆ ಬಂತು ಗೋಡೆಯ ವಿಷಯ. ಹಸಿ ಗಾರೆ ಎಂದು ಅವನ ಬಾಯಿಂದ ಬಿದ್ದದ್ದೇ ತಡ, ಅತ್ತೆ ತಲೆಯೆತ್ತಿದರು. "ಹಸಿ ಗೋಡೆಗಾ? ಬಣ್ಣ ಹರಡ್ತಿಲ್ಯಾ? ದೊಡ್ಡ ಅಳಿಯ ಒಣ ಗೋಡೆ ಹೇಳಿ ಹೇಳಿದ್ದಿದ್ರಲಾ!"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಡಿಕೆ ಕತ್ತರಿಸುತ್ತಿದ್ದವನು ಬೆರಳು ಕತ್ತರಿಸಿಕೊಳ್ಳುವುದೊಂದು ಬಾಕಿ. ಮಾಧವ ನನ್ನ ಮುಖವನ್ನು ಒಂದು ಗಳಿಗೆ ನೋಡಿದ.

"ಭಾವ ಹೇಳಿದ್ದೂ ಸರಿ ಇದ್ದು ಅತ್ತೆ," ಎಂದ. "ನೀಲಿ ಬಣ್ಣ ಮಾತ್ರ ಹಸಿಗೆ ನಿಲ್ತಿಲ್ಲೆ, ಒಣಗಿದ ಮೇಲೇ ಹಚ್ಚವು. ಇಷ್ಟು ಸೂಕ್ಷ್ಮ ನಂಗೆ ಅಲ್ಲಿ ಹೋದ ಮೇಲೇ ಗೊತ್ತಾತು. ಭಾವಂಗೆ ಇಲ್ಲೇ ಕೂತು ಗೊತ್ತಿದ್ದು ನೋಡಿ!"

"ಹೌದೌದು, ನೀಲಿ," ಎಂದೆ ಗಂಭೀರವಾಗಿ. ಮಾವ ಹೆಮ್ಮೆಯಿಂದ ತಲೆದೂಗಿದರು. ಮೊದಲ ಎಲೆಗೆ ಕರೆ ಬಂತು. ಪಾಯಸ ಎರಡು ಸಲ ಬಡಿಸಿದರು. ಒಂದು ತುತ್ತೂ ರುಚಿಸಲಿಲ್ಲ.

ಮರಳುವ ಬಸ್ಸಿನಲ್ಲಿ ಹೆಂಡತಿ ಕೇಳಿದಳು, "ನೀಲಿ ಸುದ್ದಿ ನಿಂಗಕ್ಕೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿಲ್ದೇ ಎಂತ?"

ಅವಳು ಕಿಟಕಿಯಾಚೆ ನೋಡುತ್ತ, "ಮಾಧವ ಚೊಲೋ ಮನುಷ್ಯ" ಎಂದಳಷ್ಟೆ.

ಇಟಲಿಗೆ ಹೋದದ್ದನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅವನು ಒಳ್ಳೆಯವನೂ ಆಗಿರುವುದು ನನ್ನ ಹೊಟ್ಟೆಯಲ್ಲಿ ಇಂದಿಗೂ ಉರಿಯುತ್ತದೆ. ನಾನು ಅವನ ಜಾಗದಲ್ಲಿದ್ದಿದ್ದರೆ ಏನು ಹೇಳುತ್ತಿದ್ದೆನೆಂಬುದು ನನಗೆ ಚೆನ್ನಾಗಿ ಗೊತ್ತು. ಸೋಮವಾರ ಕ್ಲಾಸಿನಲ್ಲಿ ಪಾಠ ತಿದ್ದಿದೆ: ಗೋಡೆ ಹಸಿ, ನೀಲಿ ಮಾತ್ರ ಒಣಗಿದ ಮೇಲೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಇದು ಯಾವ ಪುಸ್ತಕದಲ್ಲಿದೆ ಸರ್?" ಎಂದು ಕೇಳಿದಳು. ಷಡ್ಡಕ ಹೇಳಿದ ಎನ್ನಲು ಬಾಯಿ ತೆರೆದೆ. "ಪುಸ್ತಕದಲ್ಲೆಲ್ಲಿ ಸಿಗುತ್ತದಮ್ಮ," ಎಂದೆ, "ಅನುಭವದಿಂದ ತಿಳಿಯಬೇಕು."