ಒಣಗಿಸಲು ಹೋಗಿ ಬೇಯಿಸಿದ ಗಾಂಜಾ

ನಮ್ಮ ಯಜಮಾನರು ಖಾಂಪನ್ ಜನ್ಮದಲ್ಲಿ ಒಂದು ತಪ್ಪನ್ನೂ ಒಪ್ಪಿಕೊಂಡವರಲ್ಲ. ಸ್ಕೂಟರನ್ನು ಕೊಳಕ್ಕೆ ಇಳಿಸಿದ ದಿನ, ಮೈತುಂಬ ಕೆಸರು ಮೆತ್ತಿಕೊಂಡು ಬಂದು, "ಕೊಳ ಇತ್ತೀಚೆಗೆ ರಸ್ತೆ ಕಡೆ ಸರೀತಾ ಇದೆ" ಎಂದ ಮಹಾನುಭಾವರು!

ಇಂಥವರನ್ನು ನಂಬಿ ಕೆಟ್ಟವರು ಸಾಕು. ಥಾಯ್ ಸರ್ಕಾರದ ಪರವಾನಗಿ ಪಡೆದು ನಮ್ಮೂರ ಹೆಂಗಸರ ಸಂಘ ಔಷಧಿಗೆಂದು ಬೆಳೆದ ಗಾಂಜಾ ಕೊಯ್ಲಿಗೆ ಬಂದಾಗ, ಒಣಗಿಸುವ ಹೊಣೆಯನ್ನು ನಾನೊಬ್ಬಳೇ ಹೊತ್ತೆ. ಖೋನ್ ಕೇನ್‌ನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಗಾಳಿ, ನೀರು, ಶಾಖ ಮೂರೂ ನನ್ನ ಮಾತು ಕೇಳುತ್ತವೆ. ಕೇಳದವರು ಖಾಂಪನ್ ಒಬ್ಬರೇ!

"ಹೂವು ಬೇಗ ಒಣಗಿದರೆ ಹುಲ್ಲಿನ ವಾಸನೆ, ತಡವಾದರೆ ಬೂಷ್ಟು" ಎಂದು ಸಂಘದ ಸಭೆಯಲ್ಲಿ ಭಾಷಣ ಬಿಗಿದೆ. "ಕೋಣೆಯ ತೇವ ನೂರಕ್ಕೆ ಅರವತ್ತರ ಆಸುಪಾಸಿನಲ್ಲೇ ನಿಲ್ಲಬೇಕು. ಆಮೇಲೆ ಗಾಜಿನ ಭರಣಿಯಲ್ಲಿ ಮಾಗಿಸುವುದು. ಬೂಷ್ಟು ಕಂಡಿತೋ, ಕೊಳ್ಳುವ ಆಸ್ಪತ್ರೆಯವರು ಇಡೀ ಬೆಳೆ ಸುಡಿಸುತ್ತಾರೆ!"

"ಟೀಚರ್ ಇರೋವಾಗ ನಮಗೇನು ಭಯ?" ಎಂದಳು ಬುವಾಲೈ. ಈ ಸಲ ಭತ್ತ ಬಿಟ್ಟು, ಇರುವ ಗದ್ದೆಗೆಲ್ಲ ಇದನ್ನೇ ಹಾಕಿದವಳು ಅವಳು.

ಊರಿಗೆಲ್ಲ ಏಸಿ ಇರುವುದು ನಮ್ಮ ಮಲಗುವ ಕೋಣೆಯಲ್ಲಿ ಮಾತ್ರ. ಮಂಚ ಹೊರಗೆ, ಗಂಡ ಹೊರಗೆ! ನಮ್ಮದು ಕಂಬಗಳ ಮೇಲೆ ನಿಂತ ಮರದ ಮನೆ. ಯಜಮಾನರು ಕೆಳಗೆ, ಎರಡು ಕಂಬಗಳ ನಡುವೆ ಜೋಲಿ ಕಟ್ಟಿಕೊಂಡು ಪವಡಿಸಿದರು. ಮೇಲೆ ಕೋಣೆಯಲ್ಲಿ ಹಗ್ಗ ಕಟ್ಟಿ ಗೊಂಚಲು ಗೊಂಚಲಾಗಿ ಹೂವು ತೂಗುಹಾಕಿದೆ. ಕಿಟಕಿಗೆ, ಬಾಗಿಲಿಗೆ, ಬೀಗದ ಕಿಂಡಿಗೂ ಟೇಪು ಮೆತ್ತಿದೆ. ತೇವ ಅಳೆಯುವ ಮಾಪಕದ ಮುಳ್ಳು ಅರವತ್ತರಲ್ಲಿ ನನ್ನ ವಿದ್ಯಾರ್ಥಿಯಂತೆ ಅಲ್ಲಾಡದೆ ನಿಂತಿತು.

ಆಸ್ಪತ್ರೆಯವರು ಪರೀಕ್ಷೆಗೆ ಬರುವ ದಿನ ಬಂತು. ಬಂದವರಿಗೆ ಊಟ ಹಾಕದೆ ಕಳಿಸುವುದುಂಟೇ? "ಮನೆ ಕೆಳಗೇ ಒಲೆ ಹೂಡಿ, ಅಂಟಕ್ಕಿ ಬೇಯಿಸಿ" ಎಂದು ಸಂಘಕ್ಕೆ ಅಪ್ಪಣೆ ಕೊಟ್ಟು, ಅರ್ಧ ಗಂಟೆ ಬಿಟ್ಟು ಮೇಲೆ ಹೋಗಿ ನೋಡುತ್ತೇನೆ, ಮುಳ್ಳು ಎಪ್ಪತ್ತು ದಾಟಿದೆ!

ಕೆಳಗೆ ಓಡಿದೆ.

"ಏನ್ರೀ, ಕೋಣೆಗೆ ಹೋಗಿದ್ರಾ?"

"ಯಾವ ಕೋಣೆ? ನನಗೆಲ್ಲಿದೆ ಕೋಣೆ?"

"ಮತ್ತೆ ತೇವ ಹೇಗೆ ಏರ್ತು?"

"ನನ್ನ ಕಣ್ಣೀರಿರಬೇಕು."

"ಬಾಗಿಲ ಹತ್ರ ನಿಂತು ಉಸಿರು ಬಿಟ್ರಾ?"

"ಉಸಿರು ಬಿಡೋಕೂ ಸಂಘದ ಅನುಮತಿ ಬೇಕಾ ಟೀಚರಮ್ಮಾ?"

ವಾದಕ್ಕೆ ಸಮಯವಿರಲಿಲ್ಲ. ಒಳಗಿನ ತೇವದ ಗಾಳಿಯನ್ನು ಹೊರಗೆ ದೂಡಲು ಎಕ್ಸಾಸ್ಟ್ ಫ್ಯಾನ್ ಹಾಕಿದೆ. ಮುಳ್ಳು ಏರಿತು. ಸ್ನಾನದ ಮನೆಯದನ್ನೂ ಕಿತ್ತು ತಂದು ಹಾಕಿದೆ. ಇನ್ನೂ ಏರಿತು! ವಿಜ್ಞಾನ ಮುಂದೆ ಮುಂದೆ, ತೇವ ಮೇಲೆ ಮೇಲೆ!

"ಟೀಚರ್, ಇನ್ನೊಂದಷ್ಟು ಅಕ್ಕಿ ಇಡ್ಲಾ?" ಕೆಳಗಿನಿಂದ ಬುವಾಲೈ.

"ಇಡಮ್ಮ, ಧಾರಾಳವಾಗಿ ಇಡು!" ಎಂದು ನಾನೇ ಕೂಗಿದೆ.

ಅಷ್ಟರಲ್ಲಿ ಆಸ್ಪತ್ರೆಯ ಔಷಧ ತಜ್ಞೆ ಬಂದಿಳಿದಳು. ನೋಡಿದರೆ ನೀರಾಮೋನ್, ನನ್ನ ಹಳೆಯ ಶಿಷ್ಯೆ! ಕೋಣೆಯ ಬಾಗಿಲು ತೆರೆದರೆ ಘಮಘಮ ಬಿಸಿ ಅನ್ನದ ವಾಸನೆ. ಅವಳು ಒಂದು ಹೂವನ್ನು ಹಿಸುಕಿದಳು. ಬೆರಳು ಒದ್ದೆಯಾಯಿತು.

"ಟೀಚರ್, ಇದು ಒಣಗಿಸಿದ್ದಾ, ಬೇಯಿಸಿದ್ದಾ?"

ನಾನು ಮಾಪಕವನ್ನು ಬೈದೆ. ಅವಳು ಫ್ಯಾನುಗಳನ್ನು ನೋಡಿ, ಆಮೇಲೆ ಬಗ್ಗಿ ನೆಲ ನೋಡಿದಳು. ಹಲಗೆಗಳ ಸಂದಿನಿಂದ ಹಬೆ ಸಾಲುಸಾಲಾಗಿ ಏಳುತ್ತಿತ್ತು. ಸಂದಿನಾಚೆ ಹಬೆಯಲ್ಲಿ ಅನ್ನ ಬೇಯುವ ಬಿದಿರು ಬುಟ್ಟಿಗಳು, ಅವುಗಳ ಪಕ್ಕ ಯಜಮಾನರ ಹೊಟ್ಟೆ. ಹುಟ್ಟಿದಾಗಿನಿಂದ ಇಂಥ ಹಲಗೆಗಳ ಮೇಲೇ ನಡೆದ ನನಗೆ ಅದು ನೆಲ. ಕಿಂಡಿಯೆಂದು ಹೊಳೆದರೆ ತಾನೇ!

"ಫ್ಯಾನು ಗಾಳೀನ ಹೊರಗೆ ತಳ್ಳಿದ್ರೆ ಕೋಣೆ ಬೇರೆ ಕಡೆಯಿಂದ ಎಳ್ಕೊಳ್ಳುತ್ತೆ" ಎಂದಳು ಮೆಲ್ಲಗೆ. "ನೀವೇ ಕಲಿಸಿದ್ದು."

ಮೆಟ್ಟಿಲಿಳಿದು ಬಂದು ಎಲ್ಲರೆದುರು ನಿಂತಳು. "ಬೂಷ್ಟು ಇನ್ನೂ ಹಿಡಿದಿಲ್ಲ. ಒಂದು ಅವಕಾಶ ಕೊಡ್ತೀನಿ. ಆದರೆ ಇದನ್ನ ಮಾಡಿದವರು ಇನ್ನು ಆ ಕೋಣೆಗೆ ಕಾಲಿಡಬಾರದು. ಯಾರು ಮಾಡಿದ್ದು?"

ಬುವಾಲೈ ಮುಚ್ಚಳ ಹಿಡಿದು ಒಲೆಯ ಮುಂದೆ ಹಾಗೇ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಜೋಲಿ ಕಿರುಗುಟ್ಟಿತು, ಯಜಮಾನರು ಎದ್ದು ಕೂತರು.

"ನಾನೇ ಮಗಳೇ. ಒಲೆ ಹೂಡಿಸಿದ್ದು ನಾನು, ಫ್ಯಾನು ಹಾಕಿದ್ದೂ ನಾನು. ತಪ್ಪಾಯ್ತು."

"ಸುಳ್ಳು! ಮಾಡಿದ್ದು ನಾನು!" ಎಂದೆ.

"ನೋಡ್ದೆಯಾ? ನನ್ನದು ಅಂತ ಒಂದು ತಪ್ಪು ಇಟ್ಕೊಳ್ಳೋಕೂ ಬಿಡಲ್ಲ ಇವಳು!"

ಸಂಘವೆಲ್ಲ ಬಿದ್ದು ಬಿದ್ದು ನಕ್ಕಿತು. ನೀರಾಮೋನ್ ಯಜಮಾನರ ಮಾತನ್ನೇ ನಂಬಿದಳು. ನನ್ನಿಂದ ತಪ್ಪಾಗುವುದೆಂದರೆ ಊರಲ್ಲಿ ಯಾರು ನಂಬಬೇಕು? ಯಜಮಾನರಿಗೆ ಸ್ವಂತ ಮಲಗುವ ಕೋಣೆಗೆ ಅಧಿಕೃತ ನಿಷೇಧ!

ಅವಳ ಜೀಪು ಹೋದ ಮೇಲೆ ಕೇಳಿದೆ: "ಯಾಕ್ರೀ ಹಾಗಂದ್ರಿ?"

"ನಿನ್ನನ್ನ ಅಲ್ಲಿಂದ ಓಡಿಸಿದ್ರೆ ಇಡೀ ದಿನ ಇಲ್ಲೇ ನನ್ನ ಪಕ್ಕ ಕೂರ್ತೀಯಲ್ಲ! ನನಗೆ ನೆಮ್ಮದಿ ಬೇಡ್ವಾ?"

ಹಾಗೆಂದವರು ಸ್ಟೂಲು ಎಳೆದುಕೊಂಡು ಹತ್ತಿ, ಹೆಗಲ ಮೇಲಿದ್ದ ಚೌಕುಳಿ ವಸ್ತ್ರವನ್ನು ಉದ್ದುದ್ದ ಹರಿದು, ತಲೆಯ ಮೇಲಿನ ಹಲಗೆ ಸಂದುಗಳಿಗೆ ತುರುಕತೊಡಗಿದರು.

"ಎಡಗಡೆ ಒಂದು ಸಂದು ಬಿಟ್ರಿ" ಎಂದೆ.

ಅಲ್ಲಿ ಸಂದಿರಲಿಲ್ಲ. ನಾನು ಕನ್ನಡಕ ಹಾಕಿರಲಿಲ್ಲ.

"ತಪ್ಪಾಯ್ತು" ಎಂದು ಅವರು ಅಲ್ಲಿಗೂ ಒಂದು ಚಿಂದಿ ಒತ್ತಿದರು.